ಕಾಲು ತೊಳೆಯುವ ತೊಟ್ಟಿ

ನಿಮ್ಮ ಕಾಯಿಲೆಯ ಬಗ್ಗೆ ನಾಲ್ಕು ಪುಟ ಬರೆದುಕೊಡಿ, ಅಂಥದೇ ಕಾಯಿಲೆಯಲ್ಲಿ ಬಿದ್ದವರಿಗೆ ಧೈರ್ಯ ಬರುತ್ತದೆ ಎಂದು ಇಲ್ಲಿನ ಕನ್ನಡ ಬಳಗದವರು ಎರಡು ವರ್ಷದಿಂದ ಕೇಳುತ್ತಿದ್ದಾರೆ. ನಾನು ಮುಂದೂಡುತ್ತ ಬಂದೆ. ಕಾಯಿಲೆಯ ಕಥೆ ಹೇಳುವುದು ಕಷ್ಟವಲ್ಲ. ಆದರೆ ಅದನ್ನು ಹೇಳಬೇಕಾದರೆ ಈಜುಕೊಳದ ಬಾಗಿಲಲ್ಲಿದ್ದ ಒಂದು ತೊಟ್ಟಿಯ ಕಥೆಯನ್ನೂ ಹೇಳಬೇಕು. ಅದನ್ನು ಬಿಟ್ಟು ಬರೆದರೆ ಇದು ಎರಡನೆಯ ಸುಳ್ಳಾಗುತ್ತದೆ. ಮೊದಲನೆಯದು ಈಗಾಗಲೇ ಕಲ್ಲಿನಲ್ಲಿ ಕೆತ್ತಿಸಿಕೊಂಡು ಗೋಡೆಯ ಮೇಲೆ ಕೂತಿದೆ.

ನಾನು ವಿಜಾಪುರ ಜಿಲ್ಲೆಯವನು. ಮ್ಯಾಟ್ರಿಕ್ ಪಾಸಾಗಿ ಪುಣೆಗೆ ಬಂದೆ. ಪಿಂಪ್ರಿ-ಚಿಂಚವಾಡದ ಒಂದು ಕಾರ್ಮಿಕರ ಕಾಲೊನಿಯ ಕ್ಲಬ್ಬಿನಲ್ಲಿ ಮೊದಲು ಕಾರಕೂನನಾಗಿ, ಆಮೇಲೆ ಅದರ ಈಜುಕೊಳದ ಸುಪರ್‌ವೈಸರನಾಗಿ ಕೆಲಸ ಮಾಡಿದೆ. ಕೊಳಕ್ಕೆ ಇಲ್ಲಿ ಎಲ್ಲರೂ ಟ್ಯಾಂಕ್ ಎನ್ನುತ್ತಾರೆ. ಟ್ಯಾಂಕಿನ ಕೆಲಸವೆಂದರೆ ಮುಖ್ಯವಾಗಿ ಸೀಟಿ ಊದುವುದು. ಮುಕ್ಕಾಲು ಗಂಟೆಗೊಂದು ಬ್ಯಾಚು. ಒಂದು ಸೀಟಿಗೆ ನೀರಿಗಿಳಿಯಬೇಕು, ಮುಂದಿನ ಸೀಟಿಗೆ ಹತ್ತಬೇಕು. ನನಗೆ ಈಜು ಬರುತ್ತಿರಲಿಲ್ಲ. ಅದನ್ನು ಯಾರೂ ಕೇಳಿರಲೂ ಇಲ್ಲ.

ಒಳಬಾಗಿಲಲ್ಲಿ ಗೋಡೆಯಿಂದ ಗೋಡೆಗೆ ಒಂದು ತೊಟ್ಟಿ ಕಟ್ಟಿದ್ದರು. ಪಾದ ಮುಳುಗಿ ಮೇಲೆ ನಾಲ್ಕು ಬೆರಳು ಬರುವಷ್ಟು ಔಷಧದ ನೀರು. ಬೀದಿಯ ಕೊಳೆ ಕೊಳಕ್ಕೆ ಹೋಗಬಾರದೆಂದು ಎಲ್ಲರೂ ಅದರೊಳಗೆ ಕಾಲಿಟ್ಟು ದಾಟಬೇಕು. ಕೆಲವು ಹುಡುಗರು ಹಾರಿ ದಾಟುತ್ತಿದ್ದರು. ಅವರಿಗಾಗಿ ನಾನೇ ಮರಾಠಿಯಲ್ಲಿ ಒಂದು ಹಲಗೆ ಬರೆಸಿ ತೂಗುಹಾಕಿದ್ದೆ: ಪ್ರತಿಯೊಬ್ಬರೂ ತೊಟ್ಟಿಯ ನೀರಿನಲ್ಲಿ ನಡೆದೇ ಒಳಗೆ ಬರತಕ್ಕದ್ದು.

ತೊಂಬತ್ತರ ದಶಕದ ಆರಂಭ. ಒಂದು ಬೇಸಿಗೆಯಲ್ಲಿ ಬಸವರಾಜ ಬಂದ. ಮೂವತ್ತರ ಆಸುಪಾಸಿನ ಗಿಡ್ಡ ಆಳು, ಭೋಸರಿಯ ಕಾರಖಾನೆಯೊಂದರಲ್ಲಿ ಟರ್ನರ್. ಸಣ್ಣವನಿದ್ದಾಗ ಪೋಲಿಯೋ ಆಗಿ ಒಂದು ಕಾಲು ಬತ್ತಿತ್ತು. ಅದಕ್ಕೆ ಕಬ್ಬಿಣದ ಸರಳು, ಚರ್ಮದ ಪಟ್ಟಿ. ಅವನ ಹಿಂದೆ ಆರು ಮಕ್ಕಳು, ಅವರ ತಾಯಂದಿರು. ಎರಡು ಮಕ್ಕಳು ಕಂಕುಳಲ್ಲಿದ್ದವು. ರುಕ್ಮಿಣಿ ಎಂಬ ಒಂಬತ್ತು ವರ್ಷದ ಹುಡುಗಿ ಅಪ್ಪನ ಬೆನ್ನ ಮೇಲಿದ್ದಳು. ಬಸವರಾಜನ ಹೆಗಲಿನ ಚೀಲದಲ್ಲಿ ಬಾಯಿಗೆ ಬೆಸುಗೆ ಹಾಕಿದ ಖಾಲಿ ಎಣ್ಣೆ ಡಬ್ಬಿಗಳಿದ್ದವು. ನಮ್ಮ ಕಡೆ ಬಾವಿಯಲ್ಲಿ ಈಜು ಕಲಿಸುವಾಗ ಬೆನ್ನಿಗೆ ಕಟ್ಟುತ್ತಾರಲ್ಲ, ಅಂಥವು.

"ನಮಸ್ಕಾರ್ರಿ ಸಾಹೇಬ್ರ. ನೀವು ನಮ್ಮ ಕಡ್ಯಾವ್ರು ಅಂತ ಕೇಳಿ ಬಂದೀನ್ರಿ. ನಂದು ಆಳಂದದ ಬಾಜೂಕ. ಹೆಸರು ಬಸವರಾಜ, ಬಸಣ್ಣ ಅಂದ್ರೂ ನಡೀತದ."

"ಕಾಯ್ ಕಾಮ್ ಆಹೇ?" ಎಂದೆ. ಏನು ಕೆಲಸ ಎಂದು, ಮರಾಠಿಯಲ್ಲಿ.

ಅವನು ಒಂದು ಗಳಿಗೆ ನನ್ನ ಮುಖ ನೋಡಿದ. ಆದರೂ ಕನ್ನಡ ಬಿಡಲಿಲ್ಲ. "ಈ ಕೂಸುಗೋಳಿಗಿ ಈಜು ಕಲಸಬೇಕ್ರಿ. ಮಧ್ಯಾಹ್ನ ಎರಡಕ್ಕ ನಿಮ್ಮ ಟ್ಯಾಂಕ್ ಖಾಲಿ ಬಿದ್ದಿರ್ತದ. ನೆಲದ ಮ್ಯಾಲ ನಾವು ಕುಂಟರು ಖರೇ. ನೀರಿನ್ಯಾಗ ಯಾರ ಕಾಲು ಯಾರಿಗಿ ಕಾಣ್ತದ್ರಿ?"

ನಾನು ಹಲಗೆ ತೋರಿಸಿದೆ. ಅವನು ಓದಿದ. ತೊಟ್ಟಿಯ ಅಂಚಿಗೆ ಕೂತು, ಪಟ್ಟಿ ಬಿಚ್ಚಿ, ಕಬ್ಬಿಣದ ಕಾಲನ್ನು ಗೋಡೆಗೆ ಆನಿಸಿಟ್ಟ. ಆಮೇಲೆ ಎರಡೂ ಕೈ ಊರಿಕೊಂಡು, ಕೂತಲ್ಲಿಂದಲೇ ಮೈ ಎತ್ತಿ ಎತ್ತಿ ಹಾಕುತ್ತ ತೊಟ್ಟಿಯ ನೀರನ್ನು ದಾಟಿ ನನ್ನ ಕಾಲ ಬಳಿ ಬಂದ. ಪ್ಯಾಂಟಿನಿಂದ ನೀರು ಸೋರುತ್ತಿತ್ತು.

"ನೋಡ್ರಿ, ಕಾಲಷ್ಟೇ ಅಲ್ಲ, ಕುಂಡೀನೂ ಸ್ವಚ್ಛ ಆತು."

ತಾಯಂದಿರು ನಕ್ಕರು. ನಾನು ನಗಲಿಲ್ಲ. ನಡೆದು ಬರಬೇಕೆಂದು ಬರೆದಿದೆ, ತೆವಳಿ ಎಂದು ಬರೆದಿಲ್ಲ ಎಂದು ಮರಾಠಿಯಲ್ಲಿ ಹೇಳಿದೆ. ಅವನು ಏನೋ ಹೇಳಲು ಬಾಯಿ ತೆರೆದಾಗ ಸೀಟಿ ಊದಿದೆ.

ಅವನು ಬಂದ ಹಾಗೆಯೇ ತೊಟ್ಟಿಯ ಆಚೆ ಹೋಗಿ ಕಾಲು ಕಟ್ಟಿಕೊಂಡ. "ನಡೀಯವ್ವ ರುಕ್ಮಿಣಿ," ಎಂದ, "ಸಾಹೇಬ್ರ ನೀರು ಭಾಳ ನಾಜೂಕ ಅದ. ನಾವು ಮುಟ್ಟಿದ್ರ ಮುರದ ಹೋಗ್ತದ."

ಯಾಕೆ ಹಾಗೆ ಮಾಡಿದೆ ಎಂದರೆ, ಅವನು ಕನ್ನಡ ಮಾತಾಡಿದ್ದೇ ಒಂದು ಕಾರಣ. ಕ್ಲಬ್ಬಿನಲ್ಲಿ ನಾನೊಬ್ಬನೇ ಕನ್ನಡದವನು. ತನ್ನ ಊರ ಕಡೆಯವರನ್ನು ಒಳಗೆ ಬಿಟ್ಟ ಎಂದು ಕಮಿಟಿಯವರು ಆಡಿಕೊಂಡಾರು ಎಂಬ ಭಯ. ಮರಾಠಿಯವನೊಬ್ಬ ಅದೇ ಮಕ್ಕಳನ್ನು ಕರೆತಂದಿದ್ದರೆ ಬಹುಶಃ ಅರ್ಜಿ ಕೊಡಿ, ಕಮಿಟಿಯ ಮುಂದಿಡುತ್ತೇನೆ ಎನ್ನುತ್ತಿದ್ದೆ. ಇನ್ನೊಂದು ಕಾರಣ, ಅಂಥ ಕಾಲುಗಳನ್ನು ನೋಡಲು ನನಗೆ ಹೇಸಿಗೆ. ಅದನ್ನು ಬೇರೆ ಪದದಲ್ಲಿ ಬರೆಯಲು ಪ್ರಯತ್ನಿಸಿದೆ, ಆಗಲಿಲ್ಲ.

ಅವರು ಮೋಶಿಯ ಕಡೆ ಕೈಬಿಟ್ಟ ಒಂದು ಕಲ್ಲಿನ ಖಣಿಗೆ ಹೋಗತೊಡಗಿದರು. ಮಳೆಗಾಲದಿಂದ ದೀಪಾವಳಿಯವರೆಗೆ ಅಲ್ಲಿ ನೀರು ಇರುತ್ತಿತ್ತು, ಆಮೇಲೆ ಪಾಚಿ. ಬೇಸಿಗೆ ಪೂರ್ತಿ ನೀರೇ ಇಲ್ಲ. ಬಸವರಾಜ ಪ್ರತಿ ವರ್ಷ ಸೀಸನ್ನಿನ ಮೊದಲ ವಾರ ಬಂದು ಒಮ್ಮೆ ಕೇಳುತ್ತಿದ್ದ. ಕೊನೆಕೊನೆಗೆ ಒಳಗೂ ಬರುತ್ತಿರಲಿಲ್ಲ. ಗೇಟಿನಾಚೆ ಸೈಕಲ್ಲಿನ ಮೇಲೆ ಕೂತೇ, "ಈ ವರ್ಷನೂ ನಡಕೊಂಡೇ ಬರಬೇಕೇನ್ರಿ?" ಎಂದು ಕೂಗುತ್ತಿದ್ದ. "ಹೋ" ಎಂದು ಮರಾಠಿಯಲ್ಲೇ ಹೌದೆನ್ನುತ್ತಿದ್ದೆ. ಹೀಗೆ ಆರು ವರ್ಷ.

ಆರನೆಯ ವರ್ಷ ಕಳೆದ ಚಳಿಗಾಲದ ಕೊನೆಗೆ ನನಗೆ ಕಾಯಿಲೆ ಬಂತು. ಒಂದು ಮದುವೆ ಊಟದ ನಂತರ ನಾಲ್ಕು ದಿನ ಹೊಟ್ಟೆ ಕೆಟ್ಟಿತು, ಸರಿಹೋಯಿತು. ವಾರದ ಮೇಲೆ ಕೆಲಸ ಮುಗಿಸಿ ಮನೆಗೆ ಬಂದಾಗ ಎಡಗಾಲಲ್ಲಿ ಚಪ್ಪಲಿ ಇರಲಿಲ್ಲ. ಎಲ್ಲಿ ಜಾರಿತೆಂದು ನನಗೆ ತಿಳಿದೇ ಇರಲಿಲ್ಲ.

"ಒಂದ ಚಪ್ಪಲಿ ಎಲ್ಲಿ ಬಿಟ್ಟು ಬಂದ್ರಿ? ಅರ್ಧಾ ಗುಡಿಗೆ ಹೋಗಿದ್ರೇನು?" ಎಂದು ಹೆಂಡತಿ ಪದ್ಮಾ ನಕ್ಕಳು.

ಮರುದಿನ ಮೆಟ್ಟಿಲು ಹತ್ತಲು ಪಕ್ಕದ ಕಂಬಿ ಹಿಡಿಯಬೇಕಾಯಿತು. ಅದರ ಮರುದಿನ ಪಾಯಖಾನೆಯಲ್ಲಿ ಕೂತವನು ಏಳಲಾಗಲಿಲ್ಲ. ಮಗಳು ಸುಮಾ ಮತ್ತು ಪಕ್ಕದ ಮನೆಯವರು ಬಾಗಿಲು ಕಿತ್ತು ಎತ್ತಿದರು.

ಆಸ್ಪತ್ರೆಯಲ್ಲಿ ಮೂರು ತಾಸು ಬೆಂಚಿನ ಮೇಲೆ ಕಾದೆವು. ಎದುರಿಗೊಬ್ಬ ಮುದುಕ ಶೇಂಗಾ ಸುಲಿದು ತಿನ್ನುತ್ತ, ಸಿಪ್ಪೆಯನ್ನು ತನ್ನ ಟೋಪಿಯಲ್ಲಿ ಹಾಕಿಕೊಳ್ಳುತ್ತಿದ್ದ. ನೆಲಕ್ಕೆ ಒಂದು ಚೂರೂ ಬೀಳಲಿಲ್ಲ. ಯಾಕೋ ಅದನ್ನೇ ನೋಡುತ್ತ ಕೂತೆ. ಆಮೇಲೆ ಡಾಕ್ಟರು ರಬ್ಬರಿನ ಸುತ್ತಿಗೆಯಿಂದ ಮೊಳಕಾಲಿಗೆ ಹೊಡೆದರು. ಕಾಲು ಅಲುಗಲಿಲ್ಲ. ಇನ್ನೊಮ್ಮೆ ಹೊಡೆದರು.

"ಅವರ ಕಾಲು ಮೊದಲಿಂದಾನೂ ಯಾರ ಮಾತೂ ಕೇಳೂದಿಲ್ರಿ," ಎಂದಳು ಪದ್ಮಾ. ಡಾಕ್ಟರಿಗೆ ಕನ್ನಡ ತಿಳಿಯದು.

ನರಗಳ ಕಾಯಿಲೆ, ಜಿಬಿಎಸ್ ಎಂದರು. ಅದರ ಪೂರ್ತಿ ಹೆಸರು ನಮ್ಮ ಮನೆಯಲ್ಲಿ ಯಾರ ಬಾಯಿಗೂ ಹತ್ತಲಿಲ್ಲ. ಕಾಲಿನಿಂದ ಶುರುವಾದದ್ದು ಮೇಲೆ ಹತ್ತುತ್ತಿದೆ, ಎಲ್ಲಿ ನಿಲ್ಲುತ್ತದೆಂದು ಈಗ ಹೇಳಲಾಗದು ಎಂದರು. ಉಸಿರಿನ ಮಟ್ಟಕ್ಕೆ ಬಂದರೆ ಕಷ್ಟ. ಅದಕ್ಕಾಗಿ ತಾಸಿಗೊಮ್ಮೆ ಕೇರಳದ ಒಬ್ಬಳು ನರ್ಸ್ ಬಂದು, ಒಂದೇ ಉಸಿರಿನಲ್ಲಿ ಎಷ್ಟು ಆಗುತ್ತದೋ ಅಷ್ಟು ಎಣಿಸು ಎಂದು ಹಿಂದಿಯಲ್ಲಿ ಹೇಳುತ್ತಿದ್ದಳು. ನಾನು ಇಪ್ಪತ್ತೈದು ವರ್ಷ ಮರಾಠಿಯಲ್ಲೇ ಲೆಕ್ಕ ಹೇಳಿದವನು. ಅಲ್ಲಿ ಮಾತ್ರ ಒಂದು, ಎರಡು, ಮೂರು ಎಂದೇ ಬಂತು. ಮೊದಲ ದಿನ ಇಪ್ಪತ್ತಾರು. ಮರುದಿನ ಬೆಳಿಗ್ಗೆ ಹದಿನಾಲ್ಕು. ಮಧ್ಯಾಹ್ನ ಒಂಬತ್ತು. ಸಂಜೆ ಎಣಿಕೆ ಏಳಕ್ಕೆ ನಿಂತಿತು. ಆ ಹುಡುಗಿ ಕಾದಳು, ಆಮೇಲೆ ತಾನೇ ಮೆಲ್ಲಗೆ "ಎಂಟು" ಎಂದಳು. ನನ್ನಿಂದ ಕೇಳಿ ಕೇಳಿಯೇ ಕಲಿತಿದ್ದಳು. ನಾನು ಅವಳ ಬಾಯನ್ನು ನೋಡಿ ಎಂಟು ಎಂದೆ. ಏಳಕ್ಕಿಂತ ಕೆಳಗೆ ಇಳಿಯಲಿಲ್ಲ. ಆ ಹುಡುಗಿಯ ಹೆಸರು ಕೇಳಿಕೊಳ್ಳಲಿಲ್ಲ.

ಮುಖದ ಒಂದು ಭಾಗವೂ ಬಿದ್ದುಹೋಗಿತ್ತು. ಕಣ್ಣು ಮುಚ್ಚಲು ಬಾರದ್ದರಿಂದ ಪಟ್ಟಿ ಅಂಟಿಸುತ್ತಿದ್ದರು. ಊರಿನಿಂದ ಬಂದ ನಮ್ಮ ಅಕ್ಕ, ನನಗೆ ಕಿವಿಯೂ ಕೇಳುವುದಿಲ್ಲ ಎಂದುಕೊಂಡು ಹಾಸಿಗೆಯ ಪಕ್ಕದಲ್ಲೇ ಹೇಳಿದಳು: "ಯಾರ ಶಾಪ ತಟ್ಟಿತೋ ಏನೋ."

"ಅಕ್ಕಾರ," ಎಂದಳು ಪದ್ಮಾ, "ಶಾಪದಿಂದ ಕಾಲು ಹೋಗೂದಿದ್ರ ಈ ಊರಾಗ ಯಾರೂ ನಿಂತಿರ್ತಿದ್ದಿಲ್ರಿ."

ನನಗೆ ಗೋಡೆಗೆ ಆನಿಸಿದ್ದ ಕಬ್ಬಿಣದ ಕಾಲು ಕಾಣುತ್ತಿತ್ತು. ಇದು ಶಿಕ್ಷೆ ಎಂದು ಹಲವು ದಿನ ನಂಬಿದೆ. ಹಾಗೆ ನಂಬುವುದರಲ್ಲಿ ಒಂದು ಬಗೆಯ ನೆಮ್ಮದಿಯೂ ಇತ್ತು. ಶಿಕ್ಷೆ ಆಯಿತು, ಬಾಕಿ ಮುಗಿಯಿತು ಎಂದು. ಈಗ ನಂಬುವುದಿಲ್ಲ. ನನ್ನ ಕಾಲು ಹೋದದ್ದು ಶಿಕ್ಷೆಯಾದರೆ, ರುಕ್ಮಿಣಿಯ ಕಾಲು ಯಾವ ತಪ್ಪಿಗೆ ಹೋಯಿತು? ಕಾಯಿಲೆ ಕಾಯಿಲೆಯೇ. ಇದನ್ನು ಓದುತ್ತಿರುವವರು ಹಾಸಿಗೆಯಲ್ಲಿದ್ದರೆ ಈ ಒಂದು ಮಾತನ್ನಾದರೂ ಇಟ್ಟುಕೊಳ್ಳಿ.

ಏಳು ವಾರದ ಮೇಲೆ ಮನೆಗೆ ತಂದರು. ಸುಮಾ ಕಾಲೇಜಿಗೆ ಹೋಗುವ ಮುಂಚೆ ಚಮಚದಿಂದ ಗಂಜಿ ಕುಡಿಸುತ್ತಿದ್ದಳು. ಬೆರಳು ಬಂದವು, ಕೈ ಬಂತು, ಕಾಲು ಬರಲಿಲ್ಲ. ನೀರಿನಲ್ಲಿ ಇಳಿಸಿ ಕಾಲು ಆಡಿಸಬೇಕು, ನೀರು ಭಾರ ಹೊರುತ್ತದೆ ಎಂದರು ಡಾಕ್ಟರು. ನಿಮ್ಮದೇ ಟ್ಯಾಂಕ್ ಇದೆಯಲ್ಲ ಎಂದರು. ನಾನು ಬೇಡ ಎಂದೆ. ಪದ್ಮಾ ನನ್ನನ್ನು ಕೇಳದೆ ಕ್ಲಬ್ಬಿಗೆ ಹೋಗಿ ಬಂದಳು.

"ಎರಡರ ಬ್ಯಾಚಿಗೆ ಬರ್ರಿ ಅಂದಾರ. ಬಸಣ್ಣ ಅಂತ ಯಾರೋ ಇದ್ದಾರ. ಭಾಳ ಛಲೋ ಮನಷ್ಯಾ. ನಿಮ್ಮ ಹೆಸರು ಹೇಳಿದ ಕೂಡ್ಲೆ, 'ಓ, ಸಾಹೇಬ್ರ!' ಅಂದ್ರು. ನಿಮಗ ಗುರ್ತು ಅದೇನು?"

ನಾನು ರಜೆಯಲ್ಲಿದ್ದ ಕಾಲಕ್ಕೆ ಹೆಂಗಸರ ಬ್ಯಾಚ್ ನೋಡುತ್ತಿದ್ದ ಶೇವಂತಾಬಾಯಿಯ ಕೈಗೆ ಸೀಟಿ ಕೊಟ್ಟಿದ್ದರು. ಬಸವರಾಜ ಎಂದಿನಂತೆ ಸೀಸನ್ನಿನ ಮೊದಲ ವಾರ ಗೇಟಿಗೆ ಬಂದು ಕೇಳಿದನಂತೆ. ಆಕೆ ಹಲಗೆ ಓದಿ, ತೊಟ್ಟಿ ನೋಡಿ, ಕಾಲು ನೀರಿಗೆ ಹೋಗದಿದ್ದರೆ ನೀರು ಕಾಲಿಗೆ ಬರಲಿ ಎಂದು ಮರಾಠಿಯಲ್ಲಿ ಹೇಳಿ, ಒಂದು ತಂಬಿಗೆ ತಂದು ತೊಟ್ಟಿಯ ನೀರನ್ನೇ ಮೊಗೆದು ಒಬ್ಬೊಬ್ಬರ ಪಾದಕ್ಕೂ ಹೊಯ್ದಳಂತೆ. ಅಷ್ಟೇ. ಎರಡರ ಬ್ಯಾಚ್ ಶುರುವಾಯಿತು. ಆರು ವರ್ಷ ನನಗೆ ಹೊಳೆಯದಿದ್ದದ್ದು ಆಕೆಗೆ ಒಂದು ನಿಮಿಷದಲ್ಲಿ ಹೊಳೆಯಿತು.

ಈ ಕೊನೆಯ ವಾಕ್ಯ ಸುಳ್ಳು. ನನಗೆ ಹೊಳೆದಿತ್ತು. ಮೂರನೆಯ ವರ್ಷವೇ, ತೊಟ್ಟಿ ತೊಳೆಸುತ್ತ ನಿಂತಾಗ, ತಂಬಿಗೆಯಿಂದ ಹೊಯ್ದರೆ ಸಾಕಲ್ಲ ಎಂದು ಸ್ಪಷ್ಟವಾಗಿ ಅನಿಸಿತ್ತು. ಎರಡು ವರ್ಷ ಇಲ್ಲ ಎಂದವನು ಈಗ ಹೂಂ ಎಂದರೆ ಮೊದಲಿನ ಎರಡು ವರ್ಷ ತಪ್ಪಾಗುತ್ತದೆ ಎಂದು ಸುಮ್ಮನಿದ್ದೆ.

ಪದ್ಮಾ ಮತ್ತು ಸುಮಾ ಗಾಲಿ ಕುರ್ಚಿ ತಳ್ಳಿಕೊಂಡು ನನ್ನನ್ನು ತೊಟ್ಟಿಯ ತನಕ ತಂದರು. ಹಲಗೆ ಅಲ್ಲೇ ಇತ್ತು. ಬಸವರಾಜ ತಂಬಿಗೆ ಹಿಡಿದು ಕೂತಿದ್ದ.

"ಕಾಲು ಮುಂದ ಮಾಡ್ರಿ ಸಾಹೇಬ್ರ."

"ಆಗೂದಿಲ್ಲಪಾ," ಎಂದೆ.

ಅವನು ಹುಬ್ಬೇರಿಸಿ ಮಕ್ಕಳ ಕಡೆ ತಿರುಗಿದ. "ಏ, ಕೇಳಿದ್ರೇನು? ಸಾಹೇಬ್ರಿಗಿ ಕನ್ನಡ ಬರ್ತದ!"

ನನ್ನ ಪಾದವನ್ನು ತಾನೇ ಎತ್ತಿ, ನೀರು ಹೊಯ್ದು, ಬೆರಳ ಸಂದುಗಳನ್ನು ಉಜ್ಜಿದ. ನನಗೆ ಅದು ತಿಳಿಯಲಿಲ್ಲ. ಕಾಲಿಗೆ ಆಗ ಸ್ಪರ್ಶವಿರಲಿಲ್ಲ. ನೋಡಿದೆ ಅಷ್ಟೆ.

ಬೆನ್ನಿಗೆ ಡಬ್ಬಿ ಕಟ್ಟಿದ. ತಲೆಯ ಕೆಳಗೆ ಅಂಗೈ ಕೊಟ್ಟ. ಇಷ್ಟು ವರ್ಷ ಆ ನೀರಿನ ಪಕ್ಕದಲ್ಲಿದ್ದವನು ಅದರೊಳಗೆ ಇಳಿದದ್ದು ಅದೇ ಮೊದಲು.

"ಮುಳಗ್ತೀನೋ ಬಸಣ್ಣ."

"ಮುಳಗಬೇಕಂದ್ರ ಭಾಳ ತ್ರಾಸ ತಗೋಬೇಕ್ರಿ ಸಾಹೇಬ್ರ. ಡಬ್ಬಿ ಬಿಡೂದಿಲ್ಲ. ಡಬ್ಬಿ ಬಿಟ್ರ ನಾ ಬಿಡೂದಿಲ್ಲ. ಸುಮ್ಮ ಮ್ಯಾಲ ನೋಡ್ರಿ, ಛತ್ತಿನ್ಯಾಗ ಪಾರಿವಾಳ ಎಷ್ಟವ ಎಣಸ್ರಿ."

ವಾರಕ್ಕೆ ನಾಲ್ಕು ದಿನ, ಕಾರಖಾನೆಯಲ್ಲಿ ಮೊದಲ ಪಾಳಿ ಮಾಡಿ, ಊಟದ ಡಬ್ಬಿಯನ್ನು ಬಿಚ್ಚದೆಯೇ ಅವನು ಬರುತ್ತಿದ್ದ. ಹನ್ನೆರಡು ಮಕ್ಕಳು, ಜೊತೆಗೆ ನಾನು. ಮೊದಲ ಬಾರಿ ನನ್ನ ಹೆಬ್ಬೆರಳು ಅಲುಗಿದ್ದನ್ನು ಕಂಡವಳು ರುಕ್ಮಿಣಿ. ಅವಳಿಗೆ ಆಗ ಹದಿನೈದು. ಮಂಡಿಗಳು ಮಡಿಚಿಕೊಂಡೇ ಗಟ್ಟಿಯಾಗಿದ್ದವು. ನೀರಿನಲ್ಲೂ ಪೂರ್ತಿ ಚಾಚುತ್ತಿರಲಿಲ್ಲ. "ಸಣ್ಣಾಕಿ ಇದ್ದಾಗ ಬೇಸಿಗಿ ಪೂರಾ ನೀರು ಸಿಕ್ಕಿದ್ರ ಈ ಮಣಕಾಲು ಹಿಂಗ ಆಗ್ತಿದ್ದಿಲ್ಲ," ಎಂದು ಬಸವರಾಜ ಒಮ್ಮೆ ಅವಳ ತಂದೆಗೆ ಹೇಳುತ್ತಿದ್ದ. ನಾನಲ್ಲೇ ಇದ್ದೆ. ನನ್ನ ಕಡೆ ನೋಡಲಿಲ್ಲ. ಮುಂದಿನ ವರ್ಷ ಆ ಕುಟುಂಬ ಕಟ್ಟಡದ ಕೆಲಸಕ್ಕೆಂದು ವಾಕಡದ ಕಡೆ ಹೋಯಿತು. ಅಷ್ಟು ದೂರದಿಂದ ಅವಳನ್ನು ಹೊತ್ತು ತರುವವರಿರಲಿಲ್ಲ.

ಒಂದೂವರೆ ವರ್ಷದಲ್ಲಿ ನಾನು ಕೋಲು ಹಿಡಿದು ನಡೆದೆ. ಇನ್ನೊಂದು ವರ್ಷಕ್ಕೆ ಕೋಲು ಬಿಟ್ಟೆ. ಕೆಲಸಕ್ಕೆ ಮರಳಿ, ನಿವೃತ್ತನೂ ಆದೆ.

ಆಮೇಲಿನದು ಸತ್ಕಾರದ ಕಥೆ. ಬಸವರಾಜ ಈಜು ಕಲಿಸಿದ ಇಬ್ಬರು ಮಕ್ಕಳು ಅಂಗವಿಕಲರ ಈಜಿನ ಸ್ಪರ್ಧೆಯಲ್ಲಿ ಪದಕ ತಂದರು. ಪತ್ರಿಕೆಯಲ್ಲಿ ಫೋಟೋ ಬಂತು. ಕ್ಲಬ್ಬಿನವರಿಗೆ ತಮ್ಮ ಟ್ಯಾಂಕಿನ ಬಗ್ಗೆ ಹೆಮ್ಮೆಯಾಗಿ, ಅಂಗವಿಕಲರ ಈಜಿಗೆ ದುಡಿದವರನ್ನು ಗೌರವಿಸಬೇಕು, ಗೋಡೆಗೆ ಫಲಕ ಹಾಕಿಸಬೇಕು ಎಂದು ತೀರ್ಮಾನಿಸಿದರು. ಹಳೆಯ ಕಾಗದ ತೆಗೆದು ನೋಡಿದರೆ, ಆ ಬ್ಯಾಚ್ ಶುರುವಾದ ವರ್ಷದ ಸುಪರ್‌ವೈಸರ್ ಎಂದು ನನ್ನ ಹೆಸರಿತ್ತು. ರಜೆಯಲ್ಲಿದ್ದೆ ಎಂದು ಆ ಕಾಗದದಲ್ಲಿರಲಿಲ್ಲ. ಮೇಲಾಗಿ ನಾನೇ ಆ ನೀರಿನಲ್ಲಿ ಗುಣವಾದವನು. ಹೊಸ ಕಾರ್ಯದರ್ಶಿ, ತರುಣ, ಮನೆಗೆ ಬಂದು ಕಾಲು ಮುಟ್ಟಿ ನಮಸ್ಕರಿಸಿ, ಕಾಕಾ, ಟ್ಯಾಂಕಿನ ಬಾಗಿಲು ತೆರೆದವರು ನೀವು ಎಂದ.

ಪದ್ಮಾ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. "ಬಸಣ್ಣನ ಹೆಸರು ಇಲ್ಲೇನು?" ಎಂದು ಕೇಳಿದಳು. ಕಾರ್ಯದರ್ಶಿ, ಅವರು ಕ್ಲಬ್ಬಿನ ಸದಸ್ಯರೂ ಅಲ್ಲ, ನೌಕರರೂ ಅಲ್ಲವಲ್ಲ ಕಾಕೂ ಎಂದ. ಪದ್ಮಾ ನನ್ನನ್ನು ನೋಡಿದಳು. ನಾನು "ಚಹಾ ಮಾಡು" ಎಂದೆ.

ಶಾಲು ಹೊದಿಸಿದರು, ತೆಂಗಿನಕಾಯಿ ಕೈಯಲ್ಲಿಟ್ಟರು. ವೇದಿಕೆಗೆ ಮೂರು ಮೆಟ್ಟಿಲಿದ್ದವು. ಎಲ್ಲರ ಸಹಕಾರದಿಂದ ಇದು ಸಾಧ್ಯವಾಯಿತು ಎಂದು ಎರಡು ಮಾತು ಆಡಿದೆ. ಬಸವರಾಜ ಜಮಖಾನೆಯ ಮೇಲೆ ಮಕ್ಕಳ ನಡುವೆ ಕಾಲು ಚಾಚಿ ಕೂತಿದ್ದ. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನು ಅವನೇ.

ನಾಲ್ಕು ತಿಂಗಳು ನಾನು ಟ್ಯಾಂಕಿನ ಕಡೆ ಹೋಗಲಿಲ್ಲ. ಥಂಡಿ ಶುರುವಾಯಿತು. "ಗಡಗಡ ನಡಗ್ತೀರಿ, ಆ ಶಾಲು ಮಾತ್ರ ಹೊದಕೊಳ್ಳೂದಿಲ್ಲ. ಚುಚ್ಚತದೇನು?" ಎಂದಳು ಪದ್ಮಾ. ಮರುದಿನ ಶಾಲನ್ನು ಚೀಲದಲ್ಲಿ ಹಾಕಿಕೊಂಡು ಎರಡರ ಹೊತ್ತಿಗೆ ಹೋದೆ.

ಬಸವರಾಜ ನೀರಿನಲ್ಲಿದ್ದ. ಮಕ್ಕಳು ಇನ್ನೂ ಬಂದಿರಲಿಲ್ಲ. ನಾನು ಅಂಚಿಗೆ ಕೂತು, ಇದು ನಿನ್ನದು, ನಾನು ಗೊತ್ತಿದ್ದೂ ತೆಗೆದುಕೊಂಡೆ ಎಂದೆ.

"ಗೊತ್ತದ ಬಿಡ್ರಿ."

"ಮತ್ತ ಚಪ್ಪಾಳಿ ಯಾಕ ಹೊಡದಿ?"

"ನಿಮಗ ಎಲ್ಲಿ ಹೊಡದೀನ್ರಿ?" ಎಂದ. "ಆ ಮೂರು ಪಾವಟಿಗಿ ಯಾರ ಕೈನೂ ಹಿಡೀದ ಹತ್ತಿದ್ರಲ್ಲ, ಆ ಕಾಲಿಗಿ ಹೊಡದೆ. ಅವು ನಾ ಮಾಡಿದ ಕಾಲು. ಶಾಲು ವೈನಿಯವ್ರಿಗಿ ಕೊಡ್ರಿ, ಇಲ್ಲಿ ತೊಯ್ದ್ರ ನಾರತದ."

ಅಲ್ಲಿಗೆ ಎದ್ದು ಬರಬಹುದಾಗಿತ್ತು. ಆದರೆ ತಂಬಿಗೆಯ ಮಾತು ಉಳಿದಿತ್ತು. ಅದನ್ನೂ ಹೇಳಿದೆ. ಮೂರನೆಯ ವರ್ಷವೇ ತಿಳಿದಿತ್ತು, ಆಮೇಲಿನ ನಾಲ್ಕು ಸಲ ತಿಳಿದೂ ತಿಳಿದೂ ಇಲ್ಲ ಎಂದೆ, ಎಂದು ಹೇಳಿದೆ.

ಇದು ಅವನಿಗೆ ಗೊತ್ತಿರಲಿಲ್ಲ. ಗೋಡೆಯನ್ನು ಒದ್ದು ಆಚೆ ದಡದವರೆಗೆ ಈಜಿದ. ಅಲ್ಲಿ ಸ್ವಲ್ಪ ಹೊತ್ತು ಬೆನ್ನು ಮಾಡಿ ನಿಂತ. ತಿರುಗಿ ಈಜಿ ಬಂದ. ಮುಖ ಒರೆಸಿಕೊಂಡ.

"ಮೂರನೇ ವರ್ಷ ರುಕ್ಮಿಣಿಗಿ ಹನ್ನೊಂದ್ರಿ," ಎಂದ.

ಹೊರಗೆ ಮಕ್ಕಳ ಸದ್ದಾಯಿತು. ಅವನು ನನ್ನ ಕಡೆ ನೋಡದೆ ಬಾಗಿಲ ಕಡೆ ಗದ್ದ ಎತ್ತಿ ತೋರಿಸಿ, "ತಂಬಿಗಿ ಅಲ್ಲೇ ಅದ," ಎಂದ.

ಹೆಸರು ಬದಲಿಸಿ ಎಂದು ಕಮಿಟಿಗೆ ಎರಡು ಸಲ ಬರೆದುಕೊಟ್ಟೆ. ಕಾಕಾ, ಕಲ್ಲಿನಲ್ಲಿ ಕೆತ್ತಿದ್ದಾಗಿದೆ, ಈಗೇನು ಮಾಡುವುದು ಎಂದು ಕಾರ್ಯದರ್ಶಿ ನಕ್ಕ. ಫಲಕ ಹಾಗೆಯೇ ಇದೆ. ನೀವು ಯಾರಾದರೂ ಅಲ್ಲಿಗೆ ಹೋದರೆ, ನನ್ನ ಹೆಸರಿದ್ದಲ್ಲಿ ಬಸವರಾಜ ಎಂದು ಓದಿಕೊಳ್ಳಿ. ಅದರ ಕೆಳಗೆ ಜಾಗವಿದೆ. ಶೇವಂತಾಬಾಯಿ ಎಂದು ಸೇರಿಸಿಕೊಳ್ಳಿ. ಫಲಕದ ಎದುರಿಗೇ ತೊಟ್ಟಿ. ಎರಡರ ಬ್ಯಾಚಿನ ಹೊತ್ತಾದರೆ ಅಲ್ಲೊಬ್ಬ ಮುದುಕ ಮಣೆಯ ಮೇಲೆ ಕೂತು ಮಕ್ಕಳ ಕಾಲಿಗೆ ನೀರು ಹೊಯ್ಯುತ್ತಿರುತ್ತಾನೆ. ಪಾದ ಎತ್ತಲಾಗದವರದನ್ನು ತಾನೇ ಎತ್ತಿ, ಬೆರಳ ಸಂದುಗಳನ್ನು ಉಜ್ಜುತ್ತಾನೆ. ಅವನ ಹೆಸರು ಎಲ್ಲೂ ಬರೆಯಬೇಕಾಗಿಲ್ಲ.